ಮಣಿಕಟ್ಟಿನ ಸಾಕ್ಷಿ

ಯಲಹಂಕದ ರೈಲು ನಿಲ್ದಾಣದ ಸಮೀಪದಲ್ಲಿ ಮನೆ ಮಾಡಿಕೊಂಡಿರುವ ಮಿತ್ರರೊಬ್ಬರಲ್ಲಿಗೆ ಕಳೆದ ಭಾನುವಾರ ಬೆಳಗ್ಗೆ ಹೋಗಿದ್ದೆ. ಒಳಗೆ ಕಾಲಿಡುತ್ತಿದ್ದಂತೆಯೇ ಅಲ್ಲೊಂದು ಸಣ್ಣ ನ್ಯಾಯಸ್ಥಾನ ನಡೆದಿರುವುದು ಕಂಡಿತು. ಆರೋಪಿ, ಒಂಬತ್ತು ವರ್ಷದ ಮಗ; ನ್ಯಾಯಾಧೀಶರು, ತಂದೆ; ಸಾಕ್ಷಿ, ಹುಡುಗನ ಮಣಿಕಟ್ಟಿನಲ್ಲಿದ್ದ ಸ್ಮಾರ್ಟ್ ಗಡಿಯಾರ.

“ರಾತ್ರಿ ನನಗೆ ನಿದ್ದೆಯೇ ಬರಲಿಲ್ಲ” ಎಂದ ಹುಡುಗ.

“8 ಗಂಟೆ 40 ನಿಮಿಷ ನಿದ್ದೆ ಮಾಡಿದ್ದೀಯೆ, ನೋಡು! ಸುಳ್ಳೇಕೆ ಹೇಳುತ್ತೀಯೆ?” ಎಂದು ತಂದೆ ಫೋನನ್ನು ಅವನ ಮುಖದೆದುರು ಹಿಡಿದರು.

ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, “ಎರಡು ಗೂಡ್ಸ್ ಗಾಡಿ ಹೋದವು. ಎರಡನೆಯದು ತುಂಬಾ ಉದ್ದ. ಅದಾದಮೇಲೆ ಹಾಲಿನ ವ್ಯಾನು ಬಂತು” ಎಂದ. ತಂದೆ ನಕ್ಕುಬಿಟ್ಟರು. ನನಗೆ ನಗು ಬರಲಿಲ್ಲ. ನಿದ್ರಿಸುತ್ತಿದ್ದವನು ಗೂಡ್ಸ್ ಗಾಡಿಯ ಉದ್ದವನ್ನು ಹೇಗೆ ಬಲ್ಲ?

ವಾಸ್ತವವಾಗಿ ಆ ಗಡಿಯಾರಕ್ಕೆ ನಿದ್ರೆ ಕಾಣುವುದೇ ಇಲ್ಲ. ಅದಕ್ಕೆ ತಿಳಿಯುವುದು ಕೈಯ ಅಲುಗಾಟ. ಹಸಿರು ಬೆಳಕನ್ನು ಚರ್ಮದ ಮೇಲೆ ಬೀರಿ ನಾಡಿಯ ಬಡಿತವನ್ನೂ ಅರಿಯುತ್ತದೆ. ಇವುಗಳಿಂದ ಅದು ನಿದ್ರೆಯನ್ನು ಊಹಿಸುತ್ತದೆ, ಅಷ್ಟೆ. ಕಣ್ಣು ತೆರೆದು ಮಿಸುಕದೆ ಬಿದ್ದುಕೊಂಡಿರುವ ಮಗು ಅದರ ಲೆಕ್ಕದಲ್ಲಿ ಬಹುಮಟ್ಟಿಗೆ ನಿದ್ರಿಸಿದ ಮಗುವೇ. ಅಮ್ಮಂದಿರು ಕ್ಷಣಮಾತ್ರದಲ್ಲಿ ಕಂಡುಹಿಡಿಯುವ ಕಳ್ಳನಿದ್ದೆ ಈ ಯಂತ್ರವನ್ನು ಸುಲಭವಾಗಿ ವಂಚಿಸುತ್ತದೆ. ಇದಕ್ಕೆ ವಿರುದ್ಧವಾದ ತಪ್ಪೂ ಉಂಟು. ಮಕ್ಕಳು ನಿದ್ರೆಯಲ್ಲಿಯೇ ಹೊರಳುತ್ತಾರೆ, ಒದೆಯುತ್ತಾರೆ. ತೂಗುವ ತೊಟ್ಟಿಲಿನಲ್ಲಿ, ಹೆಬ್ಬಾಳದ ಮೇಲುಸೇತುವೆಯತ್ತ ಕುಲುಕುತ್ತ ಸಾಗುವ ಶಾಲೆಯ ಬಸ್ಸಿನಲ್ಲಿ ಮಲಗಿಬಿಡುತ್ತಾರೆ. ಆಗ ಅಲುಗಾಟವನ್ನೇ ಎಚ್ಚರವೆಂದು ಬರೆದುಕೊಳ್ಳುವ ಸಂಭವವಿದೆ.

ನಿದ್ರೆಯನ್ನು ನಿಜವಾಗಿ ಅಳೆಯುವ ಬಗೆಯೇ ಬೇರೆ. ನಮ್ಮ ನಿಮ್ಹಾನ್ಸ್‌ನಲ್ಲಿರುವಂಥ ನಿದ್ರಾ ಪ್ರಯೋಗಾಲಯದಲ್ಲಿ ತಲೆಗೆ, ಕಣ್ಣಂಚಿಗೆ, ಗಲ್ಲಕ್ಕೆ ತಂತಿಗಳನ್ನು ಅಂಟಿಸಿ, ಉಸಿರಾಟವನ್ನೂ ರಕ್ತದ ಆಮ್ಲಜನಕವನ್ನೂ ಇಡೀ ರಾತ್ರಿ ದಾಖಲಿಸುತ್ತಾರೆ. ಈ ವಿದ್ಯೆಯ ಒಂದು ಮುಖ್ಯ ಅಧ್ಯಾಯ ಎಂಟು ವರ್ಷದ ಬಾಲಕನೊಬ್ಬನಿಂದಲೇ ಆರಂಭವಾಯಿತು. 1951ರ ಡಿಸೆಂಬರಿನಲ್ಲಿ ಷಿಕಾಗೋ ವಿಶ್ವವಿದ್ಯಾಲಯದ ವಿದ್ಯಾರ್ಥಿ ಯೂಜಿನ್ ಅಸೆರಿನ್‌ಸ್ಕಿ ತನ್ನ ಮಗನಿಗೇ ತಂತಿಗಳನ್ನು ಕಟ್ಟಿ ಮಲಗಿಸಿದ. ನಡುರಾತ್ರಿಯಲ್ಲಿ ಯಂತ್ರದ ಲೇಖನಿಗಳು, ಹುಡುಗ ಎದ್ದು ಅತ್ತಿತ್ತ ನೋಡುತ್ತಿದ್ದಾನೆಯೋ ಎಂಬಂತೆ ಓಲಾಡತೊಡಗಿದವು. ಅವನು ಒಳಗೆ ಹೋಗಿ ನೋಡಿದ. ಮಗ ಗಾಢ ನಿದ್ರೆಯಲ್ಲಿದ್ದ! ಮೊದಲು ಯಂತ್ರವನ್ನೇ ಸಂದೇಹಿಸಿದ ಆ ತಂದೆ, ಗುರುವಾದ ಕ್ಲೀಟ್‌ಮನ್ನರೊಡನೆ 1953ರಲ್ಲಿ ತನ್ನ ಶೋಧವನ್ನು ಪ್ರಕಟಿಸಿದ. ಕಣ್ಣುಗುಡ್ಡೆಗಳು ಚುರುಕಾಗಿ ಚಲಿಸುವ ಆ ನಿದ್ರೆಯೇ ಕನಸುಗಳು ದಟ್ಟವಾಗಿ ಮೂಡುವ ಹೊತ್ತು. ಆತ ಎದ್ದು ಹೋಗಿ ಮಗನ ಮುಖ ನೋಡಿದನಲ್ಲ, ನನಗೆ ಅದು ದೊಡ್ಡದಾಗಿ ಕಾಣುತ್ತದೆ.

ಹಾಗಾದರೆ ಕೈಗಡಿಯಾರದ ತಪ್ಪು ಎಷ್ಟು? ಅಮೆರಿಕದ ಲೀಸಾ ಮೆಲ್ಟ್‌ಜರ್ ಮತ್ತು ಸಂಗಡಿಗರು 3ರಿಂದ 17 ವರ್ಷದ 63 ಮಕ್ಕಳನ್ನು ಪ್ರಯೋಗಾಲಯದಲ್ಲಿ ಮಲಗಿಸಿ, ಫಿಟ್‌ಬಿಟ್ ಅಲ್ಟ್ರಾ ಎಂಬ ಸಾಧನವನ್ನು ಪರೀಕ್ಷಿಸಿ, 2015ರಲ್ಲಿ ಫಲಿತವನ್ನು ಪ್ರಕಟಿಸಿದರು. ಆ ಯಂತ್ರದಲ್ಲಿ ಎರಡು ಕ್ರಮಗಳಿದ್ದವು. ಸಾಧಾರಣ ಕ್ರಮದಲ್ಲಿ ಅದು ನಿದ್ರೆಯನ್ನು ಸರಾಸರಿ 41 ನಿಮಿಷ ಹೆಚ್ಚಾಗಿ ತೋರಿಸಿತು. ಸೂಕ್ಷ್ಮ ಕ್ರಮದಲ್ಲಿ 105 ನಿಮಿಷ ಕಡಿಮೆಯಾಗಿ! ಇದು ಹಳೆಯ ಯಂತ್ರ, ನಿಜ. ಈಗಿನವು ನಾಡಿಯನ್ನೂ ಲೆಕ್ಕಕ್ಕೆ ಹಿಡಿದು ಸುಧಾರಿಸಿವೆ. ಆದರೂ ನಿಶ್ಚಲವಾದ ಎಚ್ಚರವನ್ನು ನಿದ್ರೆಯೆಂದು ಭ್ರಮಿಸುವ ಮೂಲದೋಷ ಪೂರ್ತಿ ಹೋಗಿಲ್ಲ. ‘ಗಾಢ’, ‘ಹಗುರ’ ಎಂದು ಬಣ್ಣಬಣ್ಣದ ಪಟ್ಟಿಗಳನ್ನು ತೋರಿಸುವುದಂತೂ ಇನ್ನೂ ದೂರದ ಊಹೆ.

ಗಡಿಯಾರವನ್ನು ಕಸಕ್ಕೆ ಎಸೆಯಿರೆಂದು ನಾನು ಹೇಳಲಾರೆ. ಮಗು ಎಷ್ಟು ಹೊತ್ತಿಗೆ ಮಲಗಿತು, ಎಷ್ಟು ಹೊತ್ತಿಗೆ ಎದ್ದಿತು ಎಂಬುದನ್ನು ಎರಡು ಮೂರು ವಾರ ಗಮನಿಸುವುದಕ್ಕೆ ಅದು ಒದಗೀತು. ಅಂದಹಾಗೆ, 6ರಿಂದ 12 ವರ್ಷದ ಮಕ್ಕಳಿಗೆ ದಿನಕ್ಕೆ 9ರಿಂದ 12 ಗಂಟೆ ನಿದ್ರೆ ಬೇಕೆಂದು ಅಮೆರಿಕದ ನಿದ್ರಾವೈದ್ಯರ ಸಂಸ್ಥೆ 2016ರಲ್ಲಿ ಹೇಳಿದೆ. ನನ್ನ ಮಿತ್ರರು ಹೆಮ್ಮೆಯಿಂದ ತೋರಿಸಿದ 8 ಗಂಟೆ 40 ನಿಮಿಷ ದಿಟವೇ ಆಗಿದ್ದರೂ ಸಾಲದು! ಇನ್ನೊಂದು ಮಾತು: ಮಗು ಪ್ರತಿರಾತ್ರಿ ಗೊರಕೆ ಹೊಡೆಯುತ್ತಿದ್ದರೆ, ಬಾಯಿಂದ ಉಸಿರಾಡುತ್ತಿದ್ದರೆ, ಉಸಿರು ಕಟ್ಟಿದಂತಾಗಿ ಬೆಚ್ಚುತ್ತಿದ್ದರೆ, ಗಡಿಯಾರ ನೂರಕ್ಕೆ ತೊಂಬತ್ತು ಅಂಕ ಕೊಟ್ಟರೂ ನಂಬಿ ಕೂಡಬಾರದು. ಟಾನ್ಸಿಲ್, ಅಡಿನಾಯ್ಡ್ ಊದಿಕೊಂಡಿರಬಹುದು, ವೈದ್ಯರು ನೋಡಬೇಕು.

ಹುಡುಗ ಎಚ್ಚರವಾಗಿದ್ದುದೇಕೆ ಎಂದು ಆ ಮನೆಯಲ್ಲಿ ಯಾರೂ ಕೇಳಿರಲಿಲ್ಲ. ಕಾಫಿ ಬಂದಮೇಲೆ ನಾನೇ ಕೇಳಿದೆ. ನಾಳೆಯಿಂದ ಅವನಿಗೆ ಬೇರೆ ಸೆಕ್ಷನ್ ಅಂತೆ. ಅಲ್ಲಿ ಅವನ ಗೆಳೆಯರು ಒಬ್ಬರೂ ಇಲ್ಲವಂತೆ.

“ಯಾವ ಸೆಕ್ಷನ್ನೋ? ನನಗೆ ಹೇಳಲೇ ಇಲ್ಲವಲ್ಲ!” ಎಂದರು ತಂದೆ.