ಕೊರೆದ ಬಾವಿಯ ಬಿಸಿಯನ್ನೂ ಅಳೆಯಿರಿ

ಬೆಂಗಳೂರಿನ ಬಸವನಗುಡಿಯಲ್ಲಿ, ಗಾಂಧಿ ಬಜಾರಿನ ಹಿಂದಿನ ನಮ್ಮ ಬೀದಿಯಲ್ಲಿ ಮೊನ್ನೆ ಬೋರ್‌ವೆಲ್ ಲಾರಿ ಬಂದು ಸಾವಿರ ಅಡಿ ದಾಟಿ ಕೊರೆಯಿತು. ಮೇಸ್ತ್ರಿಯ ಪುಸ್ತಕದಲ್ಲಿ ಎಷ್ಟು ಅಡಿ, ಎಷ್ಟು ಕೇಸಿಂಗ್, ಎಷ್ಟು ಇಂಚು ನೀರು, ಎಲ್ಲವೂ ಇತ್ತು. ಅಷ್ಟು ಆಳದಲ್ಲಿ ಬಿಸಿ ಎಷ್ಟೆಂಬುದು ಮಾತ್ರ ಇರಲಿಲ್ಲ. ಭೂವಿಜ್ಞಾನ ಪಾಠ ಮಾಡಿಕೊಂಡು ಬಂದ ನನಗೆ ಇದು ದೊಡ್ಡ ನಷ್ಟ ಅನ್ನಿಸುತ್ತದೆ.

ನೆಲದಾಳದ ಈ ಬಿಸಿ, ಅಂದರೆ ಭೂಶಾಖ, ಎಂದೊಡನೆ ನಮಗೆ ಬಿಸಿನೀರಿನ ಬುಗ್ಗೆ ನೆನಪಾಗುತ್ತದೆ. ಲಡಾಖಿನ ಪೂಗಾ ಕಣಿವೆಯಲ್ಲಿ ಹಬೆ ಕಣ್ಣಿಗೇ ಕಾಣುತ್ತದೆ. ಅಲ್ಲಿ ಆ ಶಾಖದಿಂದ ವಿದ್ಯುತ್ ತೆಗೆಯಲು ಒಎನ್‌ಜಿಸಿ 2021ರಲ್ಲಿ ಒಪ್ಪಂದ ಮಾಡಿಕೊಂಡಿತು. ಆದರೆ ಬುಗ್ಗೆಯೇ ಇಲ್ಲದ ಕಡೆಯೂ ಶಾಖ ಅಡಗಿರುತ್ತದೆ. ಅಮೆರಿಕದ ನೆವಾಡ ಮರುಭೂಮಿಯ ಕಣಿವೆಗಳಲ್ಲಿ ಬಿರುಕುಗಳಗುಂಟ ಮೇಲೇರುವ ಬಿಸಿನೀರು ನೆಲ ಮುಟ್ಟುವ ಮೊದಲೇ ಮರಳು, ಜಲ್ಲಿಯ ಪದರಗಳಲ್ಲಿ ಪಕ್ಕಕ್ಕೆ ಹರಿದು ಚದುರಿಹೋಗುತ್ತದೆ. ಅಲ್ಲಿನ ಬ್ಲೂ ಮೌಂಟನ್‌ನಲ್ಲಿ ಬಿಸಿನೀರು ಸಿಕ್ಕಿದ್ದು ಚಿನ್ನಕ್ಕಾಗಿ ಕೊರೆದಾಗ. 2009ರಲ್ಲಿ ಅಲ್ಲಿ ವಿದ್ಯುತ್ ಸ್ಥಾವರವೇ ಎದ್ದಿತು.

ಬಸವನಗುಡಿಯ ಅಡಿಯಲ್ಲಿ ವಿದ್ಯುತ್ ಇದೆ ಎಂದು ನಾನು ಹೇಳುತ್ತಿಲ್ಲ. ಲಾಲ್‌ಬಾಗಿನ ಬಂಡೆಗೆ ಸುಮಾರು 300 ಕೋಟಿ ವರ್ಷ ವಯಸ್ಸು. ಇಂಥ ಹಳೆಯ ನೆಲ ಆಳಕ್ಕೆ ಹೋದಂತೆ ನಿಧಾನವಾಗಿ ಬಿಸಿಯಾಗುತ್ತದೆ. ಕೋಲಾರದ ಚಿನ್ನದ ಗಣಿ ಮೂರು ಕಿಲೋಮೀಟರ್ ಇಳಿದರೂ ಅಲ್ಲಿನ ಕಲ್ಲು ನೀರು ಕುದಿಯುವಷ್ಟು ಬಿಸಿಯಾಗಿರಲಿಲ್ಲ. ಹಾಗಾಗಿ ನನ್ನ ಕಣ್ಣು ಕರಾವಳಿಯ ಮೇಲಿದೆ. ಮಹಾರಾಷ್ಟ್ರದ ಕೊಂಕಣದಲ್ಲಿ ರಾಜಾಪುರದವರೆಗೂ ಬಿಸಿನೀರಿನ ಬುಗ್ಗೆಗಳ ಸಾಲಿದೆ. ನಮ್ಮಲ್ಲಿ ಪುತ್ತೂರು ತಾಲ್ಲೂಕಿನ ಇರ್ದೆಯಲ್ಲಿ, ಸೀರೆ ಹೊಳೆಯ ದಂಡೆಯಲ್ಲಿ, ಬೆಂದ್ರ್ ತೀರ್ಥ ಉಗುರುಬೆಚ್ಚಗೆ ಒಸರುತ್ತದೆ. ಇವೆರಡರ ನಡುವಿನ ನೆಲದಡಿ ಏನಿದೆ? ಅಡಿಕೆ ತೋಟಗಳಿಗೆಂದು ಅಲ್ಲಿ ಕೊರೆದ ಬಾವಿಗಳಿಗೆ ಲೆಕ್ಕವಿಲ್ಲ. ಒಂದೊಂದರ ಬಿಸಿಯನ್ನೂ ಬರೆದಿಟ್ಟಿದ್ದರೆ ಇಷ್ಟರಲ್ಲಿ ಒಂದು ನಕ್ಷೆಯೇ ಕೈಯಲ್ಲಿರುತ್ತಿತ್ತು.

ಕೆಲಸ ಕಷ್ಟದ್ದಲ್ಲ. ಕೊರೆದ ಕೂಡಲೇ ಅಳೆದರೆ ಕೊರೆಯುವ ಯಂತ್ರದ ಸುತ್ತಿಗೆಯ ಶಾಖ, ಅದು ಒತ್ತಡದಿಂದ ಊದುವ ಗಾಳಿ ಸೇರಿ ಲೆಕ್ಕ ತಪ್ಪುತ್ತದೆ. ಕೆಲವು ದಿನ ಬಿಟ್ಟು, ಮೋಟರ್ ಇಳಿಸುವ ಮುಂಚೆ, ತಂತಿಗೆ ಕಟ್ಟಿದ ತಾಪಮಾಪಕ ಬಿಟ್ಟರೆ ಸಾಕು. ಸುತ್ತಲಿನ ಬಾವಿಗಳಿಗಿಂತ ಒಂದು ಬಾವಿ ಅಷ್ಟೇ ಆಳದಲ್ಲಿ ನಾಲ್ಕಾರು ಡಿಗ್ರಿ ಹೆಚ್ಚು ತೋರಿಸಿದರೆ ಅಲ್ಲಿ ತಜ್ಞರು ಹೋಗಿ ನೋಡಲಿ.

2011ರ ಅಂತರ್ಜಲ ಕಾಯ್ದೆಯಡಿ ರಾಜ್ಯದಲ್ಲಿ ಕೊರೆಯುವ ಯಂತ್ರಗಳ ನೋಂದಣಿ ಆಗಲೇಬೇಕು. ಆ ಯಂತ್ರದವರು ಪ್ರತಿ ಬಾವಿಗೆ ಬರೆಯುವ ಲೆಕ್ಕದಲ್ಲಿ ತಾಪಮಾನಕ್ಕೊಂದು ಕಾಲಂ ಸೇರಿಸಿ, ಆ ಅಂಕಿಗಳನ್ನು ಎಲ್ಲರಿಗೂ ಸಿಗುವಂತೆ ಇಡಬೇಕೆಂದು ಸರ್ಕಾರವನ್ನು ಕೇಳಿಕೊಳ್ಳುತ್ತೇನೆ. ಆದೇಶ ಬರುವವರೆಗೆ ಕಾಯಬೇಡಿ. ತೋಟದಲ್ಲಿ ಬೋರ್ ಕೊರೆಸುವವರು ನೀವೇ ಅಳೆಸಿ, ಅಡಿಯ ಲೆಕ್ಕದ ಪಕ್ಕದಲ್ಲೇ ಬರೆದಿಡಿ.