ಮಾಳಿಗೆ ಮನೆ ಕೆಡವುವ ಮುನ್ನ

ಕಾರಟಗಿಯ ನಮ್ಮ ಮಾಳಿಗೆ ಮನೆ ನಿಜಾಮರ ಕಾಲದ್ದೆಂದು ಅಜ್ಜ ಹೇಳುತ್ತಾರೆ. ದಪ್ಪ ಮಣ್ಣಿನ ಗೋಡೆ, ಬೇವಿನ ತೊಲೆ, ಬೆಳಕಿಗೊಂದು ಗವಾಕ್ಷಿ. ಬಾಗಿಲ ಬಳಿ ದನ ಕಟ್ಟುವ ಜಾಗ, ಆಮೇಲೆ ಪಡಸಾಲೆ. ಅಂಗಳದಲ್ಲಿ ಜೋಳದ ಹಗೇವು.

1953ರಲ್ಲಿ ತುಂಗಭದ್ರಾ ಅಣೆಕಟ್ಟೆ ಸಿದ್ಧವಾಯಿತು. ಎಡದಂಡೆ ಕಾಲುವೆಯ ಹಿಂದೆಯೇ ಆಂಧ್ರದ ರೈತರು ಬಂದು ಕ್ಯಾಂಪ್‌ಗಳನ್ನು ಕಟ್ಟಿಕೊಂಡರು. ಜೋಳದ ಹೊಲಗಳು ಭತ್ತದ ಗದ್ದೆಗಳಾದವು. ನೆಲದಲ್ಲಿ ತೇವ ಏರಿ, ನಮ್ಮ ಹಗೇವನ್ನು ಅಜ್ಜ ಮುಚ್ಚಿಸಿದರು.

ಈಗ ಮನೆಯನ್ನೇ ಕೆಡವಿ ಆರ್‌ಸಿಸಿ ಹಾಕಿಸಲು ಅಪ್ಪ ಹೊರಟಿದ್ದಾರೆ. ಮಳೆಗಾಲದಲ್ಲಿ ಸೋರುವ ಮಾಳಿಗೆಗೆ ಪ್ರತಿವರ್ಷ ಮಣ್ಣು ಹಾಕಿಸುವ ಕಷ್ಟ ಅವರದು. ಬೇಡವೆನ್ನಲು ನನಗೆ ಬಾಯಿಲ್ಲ. ಆದರೆ ಮೇ ತಿಂಗಳ ಬಿಸಿಲಲ್ಲೂ ತಂಪಾಗಿರುವ ಆ ಪಡಸಾಲೆಯ ಲೆಕ್ಕ, ಬಿಇ ಸಿವಿಲ್ ಓದುವ ನನಗೆ ಗೊತ್ತಿರಬೇಡವೇ? ಕೆಡವುವ ಮುನ್ನ ಅಳೆದು ನಕ್ಷೆಯನ್ನಾದರೂ ಬರೆದಿಡೋಣ. ಟೇಪಿನ ಇನ್ನೊಂದು ತುದಿ ಹಿಡಿಯಲು ಅಜ್ಜ ಒಪ್ಪಿದ್ದಾರೆ. ಗೆಳೆಯರೇ, ಈ ರಜೆಯಲ್ಲಿ ನಿಮ್ಮ ಮನೆಯನ್ನೂ ಅಳೆಯಿರಿ.