ಹಾಡು ಅಲ್ಲೇ ಇದೆಯಲ್ಲ, ಕದ್ದದ್ದೇನು?

ಹಾಸನದ ಒಂದು ಮನೆ. ಪದವಿ ಕಾಲೇಜಿನ ಎರಡನೆಯ ವರ್ಷದಲ್ಲಿರುವ ಮಗಳು ಮೊಬೈಲು ಹಿಡಿದು ಕೂತಿದ್ದಾಳೆ. ಹಿಂದಿನ ವಾರವಷ್ಟೇ ಬಿಡುಗಡೆಯಾದ ಸಿನಿಮಾದ ಐದೂ ಹಾಡುಗಳು ಯಾವುದೋ ಟೆಲಿಗ್ರಾಂ ಗುಂಪಿನಿಂದ ಒಂದೊಂದಾಗಿ ಇಳಿಯುತ್ತಿವೆ. ಪಕ್ಕದಲ್ಲಿ ಪತ್ರಿಕೆ ಓದುತ್ತಿದ್ದ ತಂದೆ ಕನ್ನಡಕದ ಮೇಲಿಂದ ನೋಡಿ ಕೇಳಿದರು: “ಅದಕ್ಕೆ ದುಡ್ಡು ಕೊಡಬೇಕಲ್ವೇನೇ?”

“ಎಲ್ರೂ ಹೀಗೇ ಇಳಿಸ್ಕೊಳ್ಳೋದು ಅಪ್ಪ.”

“ಎಲ್ರೂ ಮಾಡಿದ್ರೆ ಸರಿ ಆಗತ್ತಾ? ಅಂಗಡಿಯಿಂದ ಪೆನ್ನು ಎತ್ಕೊಂಡು ಬಂದ್ರೆ ನಾನು ಸುಮ್ನಿರ್ತೀನಾ?”

ಮಗಳು ಮರುಮಾತಾಡದೆ ಎದ್ದು ಹೋಗಿ ಅಟ್ಟದ ಮೇಲಿಂದ ಒಂದು ರಟ್ಟಿನ ಪೆಟ್ಟಿಗೆ ಇಳಿಸಿ ತಂದಳು. ಒಳಗೆ ಐವತ್ತು ಅರವತ್ತು ಕ್ಯಾಸೆಟ್ಟುಗಳು. ಕಂಪನಿಯ ಚಿತ್ರವಿದ್ದ ಮುಚ್ಚಳ ಏಳೆಂಟಕ್ಕಿದ್ದರೆ ಹೆಚ್ಚು. ಉಳಿದವುಗಳ ಮೇಲೆ ನೀಲಿ ಶಾಯಿಯಲ್ಲಿ, ತಂದೆಯದೇ ದುಂಡು ಅಕ್ಷರದಲ್ಲಿ, ಎ ಬದಿಯ ಹಾಡುಗಳು, ಬಿ ಬದಿಯ ಹಾಡುಗಳು. “ಇವು ಯಾವ ಅಂಗಡಿದು ಅಪ್ಪ?” ಎಂದಳು.

ತಂದೆಗೆ ಉತ್ತರ ಗೊತ್ತಿತ್ತು. ಆ ವಯಸ್ಸಿನ ಎಲ್ಲರಿಗೂ ಗೊತ್ತು. ಎಂಬತ್ತು ತೊಂಬತ್ತರ ದಶಕಗಳಲ್ಲಿ ಜಿಲ್ಲಾ ಕೇಂದ್ರಗಳ ಬಸ್ ನಿಲ್ದಾಣದ ಆಸುಪಾಸಿನಲ್ಲಿ ರೆಕಾರ್ಡಿಂಗ್ ಅಂಗಡಿಗಳಿದ್ದವು. ಬೇಕಾದ ಹಾಡುಗಳ ಪಟ್ಟಿ ಬರೆದು, ಖಾಲಿ ಕ್ಯಾಸೆಟ್ಟಿನ ಜತೆ ಕೊಟ್ಟು ಬಂದರೆ ಎರಡು ಮೂರು ದಿನಗಳಲ್ಲಿ ತುಂಬಿಸಿ ಕೊಡುತ್ತಿದ್ದರು. ಪಕ್ಕದ ಮನೆಯಲ್ಲಿ ಎರಡು ಕ್ಯಾಸೆಟ್ಟಿನ ಡೆಕ್ ಇದ್ದರೆ ಅದೂ ಖರ್ಚಿಲ್ಲ. ಮುಂದೆ ಪಾದಚಾರಿ ಮಾರ್ಗದಲ್ಲಿ ನೂರಕ್ಕೂ ಹೆಚ್ಚು ಹಾಡುಗಳ ಎಂಪಿ3 ಸಿಡಿಗಳು ಬಂದವು. ಅದರ ಬೆನ್ನಿಗೇ ಮೊಬೈಲ್ ರೀಚಾರ್ಜ್ ಅಂಗಡಿಯಲ್ಲಿ ಮೆಮೊರಿ ಕಾರ್ಡಿಗೆ ಹಾಡು ತುಂಬಿಸುವ ಕಾಲ ಬಂತು. ಈಗಿನ ಮಕ್ಕಳು ಹೊಸ ಪಾಪವನ್ನೇನೂ ಕಂಡುಹಿಡಿದಿಲ್ಲ. ಹಿರಿಯರು ಬಸ್ಸು ಹತ್ತಿ ಹೋಗಿ ಮಾಡಿಸುತ್ತಿದ್ದುದನ್ನು ಅವರು ಕೂತಲ್ಲೇ ಮಾಡುತ್ತಾರೆ, ಅಷ್ಟೆ. ಆದ್ದರಿಂದ ಈ ವಿಷಯದಲ್ಲಿ ಮಕ್ಕಳಿಗೆ ಬುದ್ಧಿ ಹೇಳಹೊರಡುವ ತಂದೆತಾಯಂದಿರು ಮೊದಲು ತಮ್ಮ ಮನೆಯ ಅಟ್ಟ ನೋಡಿಕೊಳ್ಳುವುದು ಒಳ್ಳೆಯದು.

ಹಾಗಿದ್ದರೂ ತಂದೆ ಕೇಳಿದ ಪ್ರಶ್ನೆ ಸುಳ್ಳಾಗುವುದಿಲ್ಲ. ಅವರು ಕೊಟ್ಟ ಹೋಲಿಕೆ ಮಾತ್ರ ಸರಿಯಿರಲಿಲ್ಲ. ಪೆನ್ನು ಎತ್ತಿಕೊಂಡರೆ ಅಂಗಡಿಯವನಿಗೆ ಒಂದು ಪೆನ್ನು ಕಡಿಮೆಯಾಗುತ್ತದೆ. ಹಾಡು ಇಳಿಸಿಕೊಂಡರೆ ಹಾಡು ಇದ್ದಲ್ಲೇ ಇರುತ್ತದೆ. ದೀಪದಿಂದ ದೀಪ ಹಚ್ಚಿದರೆ ಮೊದಲ ದೀಪದ ಬೆಳಕೇನೂ ತಗ್ಗದು. ಕೊಟ್ಟಷ್ಟೂ ಹೆಚ್ಚುವುದು ವಿದ್ಯೆ ಎಂದು ಕಲಿಸಿದ ನಾಡಿನಲ್ಲಿ ಹುಡುಗರು ಈ ವಾದ ಹೂಡಿದರೆ ಆಶ್ಚರ್ಯವಿಲ್ಲ. ಕದ್ದದ್ದೇನು ಎಂಬ ಅವರ ಪ್ರಶ್ನೆಗೆ ‘ಕಳ್ಳತನ ಕಳ್ಳತನವೇ’ ಎಂಬ ಗದರಿಕೆ ಉತ್ತರವಲ್ಲ.

ಪೆನ್ನಿಗಿಂತ ಬಸ್ಸಿನ ಹೋಲಿಕೆ ಹತ್ತಿರದ್ದು. ಹಾಸನದಿಂದ ಬೆಂಗಳೂರಿಗೆ ಹೊರಟ ಬಸ್ಸಿನಲ್ಲಿ ಹತ್ತು ಸೀಟು ಖಾಲಿ. ಒಬ್ಬ ಟಿಕೆಟ್ ಕೊಳ್ಳದೆ ಕೂತ. ಹೇಗಿದ್ದರೂ ಬಸ್ಸು ಹೋಗುವುದೇ, ಡೀಸೆಲ್ ಉರಿಯುವುದೇ, ಇವನಿಂದ ಯಾರ ಸೀಟೂ ತಪ್ಪಲಿಲ್ಲ. ನಷ್ಟ ಯಾರಿಗೆ? ಆ ಒಂದು ದಿನದ ಲೆಕ್ಕದಲ್ಲಿ ಯಾರಿಗೂ ಇಲ್ಲ. ಆದರೆ ಟಿಕೆಟ್ ಕೊಂಡ ನಲವತ್ತು ಜನ ಆ ಬಸ್ಸನ್ನು ಓಡಿಸುತ್ತಿದ್ದಾರೆ, ಅವನು ಅವರ ದುಡ್ಡಿನಲ್ಲಿ ಕೂತಿದ್ದಾನೆ. ಹಾಡಿನ ವಿಷಯವೂ ಇದೇ. ಸ್ಟುಡಿಯೋ ಬಾಡಿಗೆ, ವಾದ್ಯದವರ ದಿನಗೂಲಿ, ಧ್ವನಿಮುದ್ರಣ ಮಾಡುವವನ ಸಂಬಳ, ಇವೆಲ್ಲ ಮೊದಲೇ ಖರ್ಚಾಗಿವೆ. ದುಡ್ಡು ಕೊಟ್ಟವರು ಅದನ್ನು ತುಂಬುತ್ತಾರೆ, ಉಳಿದವರು ಕೇಳುತ್ತಾರೆ.

ಈ ಜಗಳ ದೊಡ್ಡ ಪ್ರಮಾಣದಲ್ಲಿ ನಡೆದದ್ದು ಅಮೆರಿಕದಲ್ಲಿ. 1999ರ ಜೂನ್‌ನಲ್ಲಿ ಬಾಸ್ಟನ್ನಿನ ನಾರ್ತ್‌ಈಸ್ಟರ್ನ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ಶಾನ್ ಫ್ಯಾನಿಂಗ್ ‘ನ್ಯಾಪ್‌ಸ್ಟರ್’ ಎಂಬ ತಂತ್ರಾಂಶವನ್ನು ಹೊರತಂದ. ಒಬ್ಬರ ಕಂಪ್ಯೂಟರಿನಲ್ಲಿದ್ದ ಹಾಡನ್ನು ಇನ್ನೊಬ್ಬರು ನೇರವಾಗಿ ತಮ್ಮ ಕಂಪ್ಯೂಟರಿಗೆ ಇಳಿಸಿಕೊಳ್ಳುವ ಏರ್ಪಾಡು ಅದು. ಕಾಲೇಜು ವಿದ್ಯಾರ್ಥಿನಿಲಯಗಳಲ್ಲಿ ಅದು ಕಾಳ್ಗಿಚ್ಚಿನಂತೆ ಹಬ್ಬಿತು. ಅದೇ ಡಿಸೆಂಬರಿನಲ್ಲಿ ರೆಕಾರ್ಡ್ ಕಂಪನಿಗಳು ದಾವೆ ಹೂಡಿದವು. ಮರುವರ್ಷ ಮೆಟಾಲಿಕಾ ಎಂಬ ರಾಕ್ ತಂಡ ತಾನೂ ದಾವೆ ಹೂಡಿ, ತನ್ನ ಹಾಡುಗಳನ್ನು ಹಂಚುತ್ತಿದ್ದ ಮೂರು ಲಕ್ಷಕ್ಕೂ ಹೆಚ್ಚು ಬಳಕೆದಾರರ ಪಟ್ಟಿಯನ್ನೇ ಒಪ್ಪಿಸಿತು. ನ್ಯಾಯಾಲಯಗಳು ಕಂಪನಿಗಳ ಪರ ನಿಂತವು. 2001ರ ಜುಲೈನಲ್ಲಿ ನ್ಯಾಪ್‌ಸ್ಟರ್ ನಿಂತಿತು, ಆದರೆ ಅಭ್ಯಾಸ ನಿಲ್ಲಲಿಲ್ಲ.

ಆಮೇಲೆ ಕಂಪನಿಗಳು ಮಾಡಿದ್ದು ಇಂದಿಗೂ ಕಹಿಯಾಗಿ ನೆನಪಾಗುವ ಕೆಲಸ. 2003ರ ಸೆಪ್ಟೆಂಬರಿನಲ್ಲಿ 261 ಮಂದಿ ಸಾಮಾನ್ಯ ಕೇಳುಗರ ಮೇಲೆ ಒಟ್ಟಿಗೇ ದಾವೆ ಹೂಡಿದವು. ಅವರಲ್ಲಿ ನ್ಯೂಯಾರ್ಕಿನ 12 ವರ್ಷದ ಬಾಲಕಿಯೊಬ್ಬಳಿದ್ದಳು. ಅವಳ ತಾಯಿ 2000 ಡಾಲರ್ ಕೊಟ್ಟು ರಾಜಿ ಮಾಡಿಕೊಂಡರು. ಜನರ ಕಣ್ಣಿನಲ್ಲಿ ಕಳ್ಳರು ಯಾರು, ಒಡೆಯರು ಯಾರು ಎಂಬುದೇ ತಲೆಕೆಳಗಾಯಿತು. ವಿಚಿತ್ರವೆಂದರೆ ಅದೇ ವರ್ಷದ ಏಪ್ರಿಲ್‌ನಲ್ಲಿ ಆಪಲ್ ಕಂಪನಿ ಐಟ್ಯೂನ್ಸ್ ಅಂಗಡಿ ತೆರೆದು ಹಾಡೊಂದಕ್ಕೆ 99 ಸೆಂಟಿನಂತೆ ಮಾರತೊಡಗಿದಾಗ, ಮೊದಲ ವಾರದಲ್ಲೇ ಹತ್ತು ಲಕ್ಷ ಹಾಡುಗಳು ಖರ್ಚಾದವು. ಬೇಕಾದ ಒಂದು ಹಾಡು ನ್ಯಾಯವಾದ ಬೆಲೆಗೆ ಸಿಗುವುದಾದರೆ ಕೊಡಲು ಸಿದ್ಧರಿದ್ದವರು ಬಹಳ ಮಂದಿ ಇದ್ದರು. ಅದುವರೆಗೆ ಒಂದು ಹಾಡಿಗಾಗಿ ಇಡೀ ಸಿಡಿ ಕೊಳ್ಳಬೇಕಿತ್ತು.

ಹುಡುಗರ ಬತ್ತಳಿಕೆಯಲ್ಲಿ ಇನ್ನೊಂದು ಬಾಣವಿದೆ. ಅದು ಮೊದಲಿನದಕ್ಕಿಂತ ಹರಿತ. “ದುಡ್ಡು ಕೊಟ್ಟರೂ ಅದು ಹಾಡಿದವರಿಗೆ, ಬರೆದವರಿಗೆ ಎಲ್ಲಿ ಹೋಗತ್ತೆ? ಕಂಪನಿ ನುಂಗತ್ತೆ.” ಇದನ್ನು ಉಡಾಫೆ ಎಂದು ತಳ್ಳಿಹಾಕುವಂತಿಲ್ಲ. ಬಹುಕಾಲ ಇದು ನಿಜವೇ ಆಗಿತ್ತು.

ಭಾರತದಲ್ಲಿ ಧ್ವನಿಮುದ್ರಣದ ಮೊದಲ ದೊಡ್ಡ ಹೆಸರು ಗೌಹರ್ ಜಾನ್. 1902ರ ನವೆಂಬರಿನಲ್ಲಿ ಕಲ್ಕತ್ತೆಯಲ್ಲಿ ಗ್ರಾಮಫೋನ್ ಕಂಪನಿಗೆ ಹಾಡಿದರು. ಪ್ರತಿ ಹಾಡಿನ ಕೊನೆಯಲ್ಲಿ ತಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ತಾವೇ ಹೇಳುತ್ತಿದ್ದರು. ಜರ್ಮನಿಯ ಹ್ಯಾನೋವರಿನಲ್ಲಿ ತಟ್ಟೆ ಅಚ್ಚು ಹಾಕುವವರಿಗೆ ಹಾಡಿದವರು ಯಾರೆಂದು ತಿಳಿಯಲಿ ಎಂದು. ದಾಸರ ಪದದ ಕೊನೆಗೆ ಅಂಕಿತ ಬಂದ ಹಾಗೆ. ಜೀವನದ ಕೊನೆಗೆ ಅವರು ಮೈಸೂರು ಅರಮನೆಯ ಆಶ್ರಯಕ್ಕೆ ಬಂದರು, 1930ರ ಜನವರಿಯಲ್ಲಿ ಮೈಸೂರಿನಲ್ಲೇ ತೀರಿಕೊಂಡರು. ದನಿ ಅವರದು, ಹೆಸರೂ ಅವರದು. ಆದರೆ ಹಾಡುವವರಿಗೆ ತಮ್ಮ ದನಿಯ ಮೇಲೆ ಕಾನೂನಿನ ಹಕ್ಕು ಎಂಬುದೊಂದು ಈ ದೇಶದಲ್ಲಿ ಅವರು ಸತ್ತು ಆರು ದಶಕ ಕಳೆದರೂ ಇರಲಿಲ್ಲ.

1960ರ ದಶಕದಲ್ಲಿ ಇದೇ ಪ್ರಶ್ನೆ ಹಿಂದಿ ಚಿತ್ರರಂಗದ ಇಬ್ಬರು ಮಹಾನ್ ಗಾಯಕರನ್ನು ಬೇರೆ ಮಾಡಿತು. ತಟ್ಟೆ ಮಾರಾಟವಾದಷ್ಟೂ ಹಾಡಿದವರಿಗೆ ಪಾಲು ಬರಬೇಕು ಎಂದು ಲತಾ ಮಂಗೇಶ್ಕರ್ ಪಟ್ಟು ಹಿಡಿದರು. ನಿರ್ಮಾಪಕ ಸಂಭಾವನೆ ಕೊಟ್ಟ ಮೇಲೆ ಮುಗಿಯಿತು, ಮತ್ತೆ ಕೇಳುವುದು ಸಲ್ಲದು ಎಂಬುದು ಮಹಮ್ಮದ್ ರಫಿಯವರ ನಿಲುವು. ಕೆಲವು ವರ್ಷ ಇಬ್ಬರೂ ಒಟ್ಟಿಗೆ ಹಾಡಲೇ ಇಲ್ಲ. ಇಬ್ಬರೂ ದುರಾಸೆಯವರಲ್ಲ, ಇಬ್ಬರದೂ ಯೋಚಿಸಬೇಕಾದ ಮಾತೇ. ಕಾಲೇಜುಗಳ ಚರ್ಚಾಸ್ಪರ್ಧೆಗೆ ಇದಕ್ಕಿಂತ ಒಳ್ಳೆಯ ವಿಷಯ ಸಿಗಲಾರದು.

1977ರಲ್ಲಿ ಸುಪ್ರೀಂ ಕೋರ್ಟು, ಸಿನಿಮಾಕ್ಕಾಗಿ ಬರೆಸಿದ ಸಾಹಿತ್ಯ ಮತ್ತು ಸಂಗೀತದ ಒಡೆತನ, ಬೇರೆ ಕರಾರಿಲ್ಲದಿದ್ದರೆ, ನಿರ್ಮಾಪಕನದು ಎಂದು ತೀರ್ಪಿತ್ತಿತು. ಪೀಠದಲ್ಲಿದ್ದ ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್ ಅವರು ಪ್ರತ್ಯೇಕ ಟಿಪ್ಪಣಿ ಬರೆದು, ಹಾಡುವವರಿಗೆ ಕಾನೂನಿನಲ್ಲಿ ಜಾಗವೇ ಇಲ್ಲವಲ್ಲ ಎಂದು ಮರುಗಿದರು. ಪ್ರದರ್ಶಕರ ಹಕ್ಕು ಕಾಯಿದೆಗೆ ಸೇರಿದ್ದು 1994ರ ತಿದ್ದುಪಡಿಯಿಂದ. ಇನ್ನೂ ದೊಡ್ಡ ಬದಲಾವಣೆ 2012ರಲ್ಲಿ ಬಂತು. ಅದಕ್ಕಾಗಿ ರಾಜ್ಯಸಭೆಯ ಒಳಗೂ ಹೊರಗೂ ದನಿಯೆತ್ತಿದವರಲ್ಲಿ ಗೀತರಚನಕಾರ ಜಾವೇದ್ ಅಖ್ತರ್ ಪ್ರಮುಖರು. ಚಿತ್ರಮಂದಿರದಲ್ಲಿ ಸಿನಿಮಾದ ಜತೆ ತೋರಿಸುವುದನ್ನು ಬಿಟ್ಟು ಬೇರೆ ಯಾವ ರೀತಿಯಲ್ಲಿ ಹಾಡನ್ನು ಬಳಸಿದರೂ ಬರೆದವರಿಗೆ, ರಾಗ ಹಾಕಿದವರಿಗೆ ಗೌರವಧನದ ಸಮಪಾಲು ಸಲ್ಲಬೇಕು. ಆ ಪಾಲನ್ನು ಕಂಪನಿ ಮುಂಚಿತವಾಗಿ ಬರೆಸಿಕೊಳ್ಳುವಂತಿಲ್ಲ ಎಂದು ಕಾನೂನಾಯಿತು. ಹಾಡಿದವರಿಗೂ ವಾಣಿಜ್ಯ ಬಳಕೆಯಲ್ಲಿ ಪಾಲು ದೊರಕಿತು.

ಕಾಗದದ ಮೇಲಿರುವುದೆಲ್ಲ ಕೈಗೆ ಬರುತ್ತದೆ ಎಂದಲ್ಲ. ಒಂದು ಸಲ ಕೇಳಿದ್ದಕ್ಕೆ ಬರುವುದು ಬಿಡಿಪೈಸೆ. ಆದರೂ ‘ಅವರಿಗೆ ಏನೂ ಸಿಗುವುದಿಲ್ಲ’ ಎಂಬ ನೆಪ 2012ರ ನಂತರ ತೆಳುವಾಗಿದೆ. ಪಾಲು ಎಂದ ಮೇಲೆ ಒಟ್ಟು ಮೊತ್ತ ಇರಬೇಕು. ಸೊನ್ನೆಯಲ್ಲಿ ಅರ್ಧ ಸೊನ್ನೆಯೇ. ಕಂಪನಿಯ ಮೇಲಿನ ಸಿಟ್ಟಿಗೆ ಕದ್ದು ಇಳಿಸಿದ ಹಾಡಿನಿಂದ ಕಂಪನಿಗೆ ಎಷ್ಟು ಪೆಟ್ಟು ಬೀಳುತ್ತದೋ, ಸಾಹಿತ್ಯ ಬರೆದವರ ಪಾಲಿಗೂ ಅಷ್ಟೇ ಬೀಳುತ್ತದೆ. ಕಂಪನಿ ಬೇರೆ ನೂರು ಹಾಡಿನಲ್ಲಿ ಸರಿದೂಗಿಸಿಕೊಂಡೀತು, ಅವರಿಗೆ ಆ ಅನುಕೂಲವಿಲ್ಲ.

ಕನ್ನಡದ ಮಟ್ಟಿಗೆ ಈ ಮಾತು ಹೆಚ್ಚು ಸಲ್ಲುತ್ತದೆ. ಹಿಂದಿಯ ಹಾಡಿಗೆ ಕೋಟಿಗಟ್ಟಲೆ ಕೇಳುಗರು, ನಡುವೆ ಕೆಲವರು ಕದ್ದರೂ ನಡೆದೀತು. ಕನ್ನಡದ ಮಾರುಕಟ್ಟೆ ಚಿಕ್ಕದು. ಸಿನಿಮಾ ಬಿಟ್ಟು ಭಾವಗೀತೆ, ಜನಪದಗೀತೆ, ರಂಗಗೀತೆಗಳಿಗೆ ಬಂದರೆ ಇನ್ನೂ ಚಿಕ್ಕದು. 1978ರಲ್ಲಿ ಕೆ. ಎಸ್. ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿಯವರು ರಾಗ ಸಂಯೋಜಿಸಿದ ‘ನಿತ್ಯೋತ್ಸವ’ ಧ್ವನಿಸುರುಳಿ ಬಂದಾಗ, ಕವಿತೆ ಪುಸ್ತಕದಿಂದ ಎದ್ದು ಅಡುಗೆಮನೆಯವರೆಗೂ ಬಂತು. ಅದರ ಹಿಂದೆಯೇ ಭಾವಗೀತೆಗಳ ಕ್ಯಾಸೆಟ್ಟುಗಳ ಸಾಲು ಬಂತೆಂದರೆ, ಕೊಂಡವರು ಇದ್ದುದರಿಂದ. ಅಂಥ ಇನ್ನೊಂದು ಧ್ವನಿಸುರುಳಿಗೆ ಇವತ್ತು ಯಾರಾದರೂ ಕೈಹಾಕಬೇಕಾದರೆ ಮೊದಲು ನೋಡುವುದು ಹಾಕಿದ ಹಣ ಹುಟ್ಟೀತೇ ಎಂದು.

ದುಡ್ಡಿಲ್ಲದ ವಿದ್ಯಾರ್ಥಿ ಹಾಡು ಕೇಳಲೇಬಾರದೇ? ಕೇಳಬಹುದು. ಆಕಾಶವಾಣಿ ಇದ್ದೇ ಇದೆ. ಕಂಪನಿಗಳೇ ಯೂಟ್ಯೂಬಿನಲ್ಲಿ ತಮ್ಮ ಹಾಡುಗಳನ್ನು ಹಾಕಿವೆ. ನಡುವೆ ಜಾಹೀರಾತು ಸಹಿಸಿಕೊಂಡರೆ ಕೇಳುಗನ ಜೇಬಿಗೆ ಕತ್ತರಿಯಿಲ್ಲ, ಹಾಡಿನವರಿಗೂ ಜಾಹೀರಾತಿನ ಹಣದಲ್ಲಿ ಪಾಲು. ಹಳೆಯ ಧ್ವನಿಮುದ್ರಿಕೆಗಳ ಹಕ್ಕು ಪ್ರಕಟವಾದ ಮರುವರ್ಷದಿಂದ 60 ವರ್ಷಕ್ಕೆ ಮುಗಿಯುತ್ತದೆ. ಗೌಹರ್ ಜಾನ್ ತಟ್ಟೆಗಳನ್ನು ಯಾರ ಅಪ್ಪಣೆಯೂ ಇಲ್ಲದೆ ಇಳಿಸಿಕೊಳ್ಳಬಹುದು. ಹೀಗೆ ನೋಡಿದರೆ ಕಳ್ಳದಾರಿ ಹಿಡಿಯುವಷ್ಟು ಬಡತನ ಈ ವಿಷಯದಲ್ಲಿ ಯಾರಿಗೂ ಇಲ್ಲ. ಜಾಹೀರಾತು ಬೇಡ ಎಂಬುದಷ್ಟೇ ತಕರಾರು.

ಕಾನೂನಿನ ಮಾತೂ ಒಂದಿಷ್ಟು ತಿಳಿದಿರಲಿ. ಸ್ವಂತ ಬಳಕೆಗೆ ನ್ಯಾಯೋಚಿತ ಮಿತಿಯಲ್ಲಿ ಪ್ರತಿ ಮಾಡಿಕೊಳ್ಳಲು 1957ರ ಕೃತಿಸ್ವಾಮ್ಯ ಕಾಯಿದೆಯ 52ನೆಯ ಕಲಂ ಅವಕಾಶ ಕೊಡುತ್ತದೆ. ಮಿತಿ ಎಲ್ಲಿ ಮುಗಿಯಿತು ಎಂಬುದು ವಕೀಲರ ವಾದಕ್ಕೆ ಬಿಟ್ಟದ್ದು. ತಿಳಿದೂ ತಿಳಿದೂ ಹಕ್ಕು ಉಲ್ಲಂಘಿಸಿದರೆ 63ನೆಯ ಕಲಂ ಪ್ರಕಾರ ಆರು ತಿಂಗಳಿಂದ ಮೂರು ವರ್ಷದವರೆಗೆ ಸೆರೆವಾಸ, 50 ಸಾವಿರದಿಂದ ಎರಡು ಲಕ್ಷ ರೂಪಾಯಿವರೆಗೆ ದಂಡ. ವ್ಯಾಪಾರಕ್ಕಾಗಿ ಮಾಡಿದ್ದಲ್ಲವಾದರೆ ನ್ಯಾಯಾಲಯ ಇಳಿಸಬಹುದು. ತಾನು ಇಳಿಸಿಕೊಂಡದ್ದನ್ನು ಗುಂಪಿಗೆ ಹಾಕಿ ಐನೂರು ಜನಕ್ಕೆ ಹಂಚುವ ಹುಡುಗ ತಾನು ಉಪಕಾರ ಮಾಡಿದೆ ಎಂದುಕೊಂಡಿರುತ್ತಾನೆ. ಆದರೆ ಸ್ವಂತ ಬಳಕೆ ಎಂಬ ಆಸರೆ ಅವನಿಗೆ ಸಿಗುವುದು ಕಷ್ಟ.

ಒಂದು ಕಡೆ ಮಾತ್ರ ಬಿಗಿ ಸಡಿಲಿಸಬೇಕೆನಿಸುತ್ತದೆ. ಎಲ್ಲಿಯೂ ಮಾರಾಟಕ್ಕಿಲ್ಲದ, ಕಂಪನಿಯೇ ಮರೆತುಬಿಟ್ಟ ಹಳೆಯ ಕ್ಯಾಸೆಟ್ಟಿದೆ. ಯಾರೋ ಅದನ್ನು ಜೋಪಾನವಾಗಿ ಕಂಪ್ಯೂಟರಿಗೆ ಏರಿಸಿ ಆಸಕ್ತರಿಗೆ ಕೊಡುತ್ತಾರೆ. ಕಾನೂನು ಏನೇ ಹೇಳಲಿ, ಅಂಥವರನ್ನು ಕಳ್ಳರ ಸಾಲಿನಲ್ಲಿ ನಿಲ್ಲಿಸಲು ಮನಸ್ಸು ಒಪ್ಪದು. ಕೊಳ್ಳಲು ಸಿಗುವುದನ್ನು ಕೊಳ್ಳದಿರುವುದು ಬೇರೆ, ಸಿಗದೇ ಹೋದದ್ದನ್ನು ಉಳಿಸಿಕೊಳ್ಳುವುದು ಬೇರೆ.

ಹಾಸನದ ಮನೆಯಲ್ಲಿ ಅಂದು ಜಗಳವೇನೂ ಆಗಲಿಲ್ಲ. ತಂದೆ ಪೆಟ್ಟಿಗೆಯನ್ನು ಮುಂದಕ್ಕೆ ಎಳೆದುಕೊಂಡು ಒಂದೊಂದೇ ಕ್ಯಾಸೆಟ್ ತೆಗೆದು ನೋಡತೊಡಗಿದರು. ಕೇಳೋಣವೆಂದರೆ ಟೇಪ್ ರೆಕಾರ್ಡರ್ ಕೆಟ್ಟು ಹತ್ತು ವರ್ಷವಾಗಿತ್ತು. ಮಗಳು ಒಂದರ ಪಟ್ಟಿಯ ಮೇಲೆ ಬೆರಳಾಡಿಸಿದಳು. ಹಾಡಿನ ಮೊದಲ ಪದ, ಸಿನಿಮಾದ ಹೆಸರು, ಕೆಲವು ಕಡೆ ಹಾಡಿದವರ ಹೆಸರು.

“ಬರೆದವರ ಹೆಸರೇ ಹಾಕಿಲ್ವಲ್ಲ ಅಪ್ಪ. ಇದ್ಯಾರು ಬರ್ದಿದ್ದು?”

ತಂದೆ ಕನ್ನಡಕ ಸರಿಪಡಿಸಿಕೊಂಡರು. “ಚಿ. ಉದಯಶಂಕರ್ ಇರ್ಬೇಕು.” ಸ್ವಲ್ಪ ಹೊತ್ತು ಬಿಟ್ಟು, “ಇಲ್ಲ, ಆರ್. ಎನ್. ಜಯಗೋಪಾಲ್ ಇದ್ರೂ ಇರ್ಬಹುದು,” ಎಂದರು. “ತಡಿ ಪುಟ್ಟಿ, ಪೆನ್ನು ಕೊಡು. ಗೊತ್ತಾದಷ್ಟು ಬರೀತೀನಿ.”